ಆಷಾಢದ ಎಳ್ಳುಂಡೆ

ಜುಲೈ ೯, ಬುಧವಾರ. ಹರದನಹಳ್ಳಿ.

ಕಿಬ್ಬೊಟ್ಟೆ ಇನ್ನೂ ಹಿಂಡುತ್ತಿದೆ. ಆದರೂ ಮಧ್ಯಾಹ್ನ ಬಂತಲ್ಲ, ಅಬ್ಬ!

ಮುಟ್ಟು ನಿಂತದ್ದು ಅತ್ತೆಗೆ ಹೇಗೆ ಗೊತ್ತಾಯಿತೋ, ಬಾಯಿಬಿಟ್ಟು ಕೇಳಲಿಲ್ಲ. ಸಂಕ್ರಾಂತಿಗಲ್ಲದೆ ಎಳ್ಳು ಹುರಿಯದ ಮನೆಯಲ್ಲಿ ಆಷಾಢದಲ್ಲಿ ಎಳ್ಳುಂಡೆ ಕಟ್ಟಿ ದಿನಾ ತಿನ್ನಿಸಿದರು. ನಮ್ಮ ಕಡೆ ಹಳೆಯ ಹೆಂಗಸರು ಬಸಿರು ಅನ್ನುವುದಿಲ್ಲ, ತೆಗೆಸುವುದು ಅನ್ನುವುದಿಲ್ಲ. ತಡವಾಗಿದೆ ಅನ್ನುತ್ತಾರೆ, ಅಷ್ಟೆ. ಉಂಡೆಯಿಂದ ಏನೂ ಆಗಲಿಲ್ಲ. ಮಗಳಿಗೆ ಇನ್ನೂ ವರ್ಷ ತುಂಬಿಲ್ಲ, ಹೊಟ್ಟೆ ಕೊಯ್ದ ಗಾಯ ನೋಯುತ್ತಲೇ ಇದೆ. ಇವರಿಗೋ ಬೇಗ ಒಂದು ಗಂಡು ಬೇಕು.

ಸೋಮವಾರ ಅತ್ತೆಯೇ ಚಾಮರಾಜನಗರಕ್ಕೆ ಕರೆದುಕೊಂಡು ಹೋದರು. "ಸೊಸೆಗೆ ಮುಟ್ಟು ತಡವಾಗ್ಯದೆ ಕಣವ್ವ," ಅಂದರು ಡಾಕ್ಟರಮ್ಮನಿಗೆ. ಆಕೆ ಪರೀಕ್ಷೆ ಮಾಡಿದ ಮೇಲೂ ಆ ಮಾತನ್ನು ತಿದ್ದಲಿಲ್ಲ. ಗಂಡನ ಸಹಿ ಬೇಡ, ನಿಮ್ಮ ಒಪ್ಪಿಗೆ ಸಾಕು ಎಂದು ಮಾತ್ರೆ ಕೊಟ್ಟರು. ನಾನು ಮಾಡಿದ್ದು ತಡೆದದ್ದೋ, ತೆಗೆದದ್ದೋ? ಎರಡರ ನಡುವೆ ಎಲ್ಲೋ ನಿಂತಿದ್ದೇನೆ. ನಿಲ್ಲಲು ಅಷ್ಟು ಜಾಗ ಸಿಕ್ಕಿತಲ್ಲ, ಅದೇ ದೊಡ್ಡದು.

ಇವತ್ತು ಸಂಜೆ ನಾನು ಮಲಗಿದ್ದು ಕಂಡು ಇವರು ಕೇಳಿದರು, "ಇವಳಿಗೇನಾಯ್ತವ್ವ?"

"ಮುಟ್ಟು ತಡವಾಗಿತ್ತು ಕಣ್ಲಾ. ಎಳ್ಳುಂಡೆ ತಿನ್ನುಸ್ಬುಟ್ಟೆ, ಬಂತು," ಅಂದರು ಅತ್ತೆ, ಪಾತ್ರೆ ತೊಳೆಯುತ್ತಲೇ.

ಇವರು ಡಬ್ಬಿಯಿಂದ ಒಂದು ಉಂಡೆ ಬಾಯಿಗೆ ಹಾಕಿಕೊಂಡು ಚೆನ್ನಾಗಿದೆ ಅಂದರು.

"ಇನ್ನೊಂದು ತಕ್ಕೊ ಮಗ," ಅಂದರು ಅತ್ತೆ. ನನ್ನ ಕಡೆ ನೋಡಲೂ ಇಲ್ಲ.

ಬೆಳಿಗ್ಗೆ ಅವರ ಕೈ ಹಿಡಿದು ಏನಾದರೂ ಹೇಳಬೇಕು. ಹೇಳಲು ಬಿಟ್ಟರೆ ತಾನೆ? ಬಾಯಿಗೆ ಇನ್ನೊಂದು ಉಂಡೆ ತುರುಕಿಬಿಡುತ್ತಾರೆ.