ಎರಡು ಬ್ರೇಕಿನ ಕಾರು

ಮನೆಯ ಮುಂದಿನ ಕೋಣೆಯಿಂದ,
ಜೂನ್ 12, ಬುಧವಾರ

ಪ್ರೀತಿಯ ಪುಟ್ಟಿಗೆ,

ಅಪ್ಪನ ಆಶೀರ್ವಾದಗಳು. ಹೇಗಿದ್ದೀಯ ಮಗಳೇ? ಕಾರ್ಖಾನೆಯ ಬಸ್ಸು ಓಡಿಸಿ ಓಡಿಸಿ ಬಲ ಭುಜ ನೋಯುತ್ತಿದೆ ಎಂದು ನೀನು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಭಾನುವಾರ ನೀವಿಬ್ಬರೂ ಮಾತಾಡುವಾಗ ನಾನು ಪೇಪರ್ ಓದುತ್ತಿರುತ್ತೇನೆ ಎಂದು ಅವಳು ನಿನಗೆ ಹೇಳುತ್ತಾಳಲ್ಲ, ಅದು ಓದಲ್ಲ, ಒಂದೇ ಪುಟವನ್ನು ಅರ್ಧ ಗಂಟೆ ಮುಖದ ಮುಂದೆ ಹಿಡಿದುಕೊಂಡು ಕೂತಿರುತ್ತೇನೆ ಅಷ್ಟೆ. ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಬೆಳಗಿನ ಪಾಳಿಗೆ ಹೋಗುವ ಮುಂಚೆ ಹೊಟ್ಟೆಗೆ ಏನಾದರೂ ಹಾಕಿಕೋ, ಖಾಲಿ ಹೊಟ್ಟೆಯಲ್ಲಿ ಮನೆ ಬಿಡುವುದು ನಿನ್ನ ಹಳೇ ಚಾಳಿ. ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ. ಚಿಕ್ಕಮ್ಮನ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಅಮ್ಮ ಅವಳ ಆರೈಕೆಗೆಂದು ಹದಿನಾರು ದಿನ ಹೋಗಿ ಬಂದಳು. ಹದಿನಾಲ್ಕು ತಿಂಗಳಲ್ಲಿ ಇದು ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ. ಮೂವತ್ತೊಂದು ವರ್ಷ ನಗರಸಭೆಯ ಗುಮಾಸ್ತನಾಗಿ ದಿನಕ್ಕೆ ನಲವತ್ತು ಪತ್ರ ಬರೆದವನಿಗೆ ಇದೊಂದಕ್ಕೆ ಮೂರು ದಿನ ಹಿಡಿದಿದೆ. ಹರಿದು ಹಾಕಿದ್ದು ಎಷ್ಟು ಎಂದು ಕೇಳಬೇಡ.

ವಿಷಯಕ್ಕೆ ಬರುತ್ತೇನೆ. ಎದುರುಗಡೆ ಕಾಂಪೌಂಡ್ ಗೋಡೆಯ ಪಕ್ಕ ನಿಂತಿದ್ದ ನಿನ್ನ ಕಾರು ಈಗ ಅಲ್ಲಿಲ್ಲ. ಹೋದ ಶುಕ್ರವಾರ ನಗರಸಭೆಯವರು ಎಳೆದುಕೊಂಡು ಹೋದರು. ವಾರಸುದಾರರಿಲ್ಲದ ವಾಹನ ಎಂದು ಬರೆದುಕೊಂಡು ಹೋದರು. ಅದಕ್ಕೆ ವಾರಸುದಾರರಿಲ್ಲ ಎಂದು ಬರೆದ ಕಾಗದದ ಕೆಳಗೆ ಮೊದಲ ಸಹಿ ನನ್ನದು. ಸುತ್ತಿಬಳಸಿ ಹೇಳುವುದು ನನಗೆ ಅಭ್ಯಾಸ, ಆದರೆ ಇದನ್ನು ಸುತ್ತಿಬಳಸಿ ಹೇಳಲು ದಾರಿಯೇ ಸಿಗಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತಿದ್ದೇನೆ ಎಂದು ಬೇಸರ ಮಾಡಿಕೊಳ್ಳಬೇಡ. ಅವತ್ತು ನಾನು ಆಡಿದ್ದನ್ನು ನನ್ನ ಕೈಯಾರೆ ಒಮ್ಮೆ ಬರೆಯಬೇಕು. ನೀನು ಹೆಂಗಸರಿಗೆ ಕಾರು ಕಲಿಸುವ ಶಾಲೆ ತೆರೆದಾಗಲೇ ನನಗೆ ಇಷ್ಟವಿರಲಿಲ್ಲ. ಕಲಿಯುವವರ ಕಾಲಿಗೊಂದು, ಕಲಿಸುವವರ ಕಾಲಿಗೊಂದು, ಎರಡು ಬ್ರೇಕು ಇರುವ ಕಾರು ಕೊಂಡು ತಂದಾಗ, ಒಂದೇ ಬ್ರೇಕಿನ ಕಾರು ಓಡಿಸುವವರಿಗೇ ದಿಕ್ಕಿಲ್ಲ ಎಂದು ಬೀದಿಯವರ ಮುಂದೆ ನಗಾಡಿದೆ. ನಿನ್ನ ಅಮ್ಮ ನಾನೂ ಕಲಿಯಲಾ ಎಂದು ಕೇಳಿದಾಗ, ಈ ವಯಸ್ಸಿಗೆ ಸ್ಟಿಯರಿಂಗಾ, ಮೊದಲು ಕುಕ್ಕರ್ ಸರಿಯಾಗಿ ಮುಚ್ಚು ಎಂದೆ. ಅವಳೂ ನಕ್ಕಳು. ನಾನು ನಕ್ಕದ್ದಕ್ಕೆ ನಕ್ಕಳು ಎಂದುಕೊಂಡೆ. ಆಮೇಲೆ ಹೋದ ವರ್ಷ ಏಪ್ರಿಲ್‌ನಲ್ಲಿ ಆ ಕಾರು ಫುಟ್‌ಪಾತ್ ಹತ್ತಿ ಟೈಲರ್ ಅಂಗಡಿಯ ಮೆಟ್ಟಿಲಿಗೆ ಗುದ್ದಿ, ಅಲ್ಲಿ ಕೂತಿದ್ದ ಟೈಲರ್ ಕಾಲಿನ ಗಿಣ್ಣು ಮುರಿಯಿತು. ನಾನು ಓಡಿ ಬರುವ ಹೊತ್ತಿಗೆ ಜನ ಸೇರಿದ್ದರು, ನೀನೊಬ್ಬಳೇ ಕಾರಿನ ಪಕ್ಕ ನಿಂತಿದ್ದೆ. ಕಲಿಯುತ್ತಿದ್ದವರು ಯಾರು ಎಂದು ಎಷ್ಟು ಕೇಳಿದರೂ ನೀನು ಹೆಸರು ಹೇಳಲಿಲ್ಲ. “ಬ್ರೇಕು ನನ್ನ ಕಾಲಡಿಯೂ ಇತ್ತು, ತಪ್ಪು ನಂದು” ಎಂದೆ. ಆಗ ನಾನು ಅಷ್ಟು ಜನರ ಮುಂದೆ, ಈ ಗಾಡಿ ಈ ಬೀದಿಯಲ್ಲಿ ಇರುವ ತನಕ ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದೆ. ನೀನು ಕಾರನ್ನು ಗೋಡೆಯ ಪಕ್ಕ ನಿಲ್ಲಿಸಿ, ಬೀಗ ಹಾಕಿ, ಟೈಲರನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಹಾಗೇ ಹೊರಟುಹೋದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕಚೇರಿಯಲ್ಲಿ ಚಿಕ್ಕವರಿಗೆಲ್ಲ ಉಪದೇಶ ಮಾಡುತ್ತಿದ್ದವನು ನಾನೇ.

ಇನ್ನು ಕಾರು ಹೋದ ಬಗೆ. ಬೀದಿಯಲ್ಲಿ ಗಾಡಿಯೊಂದು ಬಹಳ ದಿನದಿಂದ ನಿಂತಿದೆ, ಮಕ್ಕಳು ಅದರಡಿ ನುಗ್ಗಿ ಆಡುತ್ತಾರೆ, ಕಸ ಗುಡಿಸಲು ಆಗುತ್ತಿಲ್ಲ ಎಂದು ಕಚೇರಿಗೆ ಸಹಿಯಿಲ್ಲದ ಅರ್ಜಿಯೊಂದು ಹೋಗಿತ್ತು. ಅಮ್ಮ ಚಿಕ್ಕಮ್ಮನ ಮನೆಗೆ ಹೋದ ಎರಡನೇ ದಿನ ಒಬ್ಬ ತರುಣ ಇನ್ಸ್‌ಪೆಕ್ಟರ್ ಬಂದ. ಮುಂದಿನ ಚಕ್ರದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದಕ್ಕೆ ಸರಿಯಾಗಿ ನೆಲದ ಮೇಲೊಂದು ಗೆರೆ ಎಳೆದ. ಏಳು ದಿನದಲ್ಲಿ ಎರಡು ಗೆರೆ ಅಲುಗದೆ ಹಾಗೇ ಇದ್ದರೆ ಗಾಡಿ ಕದಲಿಲ್ಲ ಎಂದು ಲೆಕ್ಕ. ನಂಬರಿನ ಮೇಲೆ ಪತ್ತೆ ಹಚ್ಚಿ, ಸಿಕ್ಕ ಶಾಲೆಯ ಹೆಸರಿಗೆ ನೋಟೀಸನ್ನೂ ಕಳಿಸಿದ್ದರು. ಅದು ಬಸ್ ನಿಲ್ದಾಣದ ಹಿಂದಿನ ನಿನ್ನ ಶಾಲೆಯ ಕೋಣೆಗೆ ಹೋಗಿ, ಬಾಗಿಲು ಹಾಕಿದೆ ಎಂದು ಬರೆಸಿಕೊಂಡು ವಾಪಸು ಬಂತು. ಎಂಟನೇ ದಿನ ಆತ ಮತ್ತೆ ಬಂದ. ಎರಡೂ ಗೆರೆ ಮುಖಕ್ಕೆ ಮುಖ ಕೊಟ್ಟು ನಿಂತಿದ್ದವು. ಹಾಗಾದಾಗ ಅಕ್ಕಪಕ್ಕದ ಮೂವರನ್ನು ವಿಚಾರಿಸಿ ಸಹಿ ತೆಗೆದುಕೊಳ್ಳಬೇಕು ಎಂಬುದು ನಿಯಮ. ವಿಚಾರಣೆ ನಮ್ಮ ಮನೆಯಿಂದಲೇ ಶುರುವಾಯಿತು.

ಹುಡುಗ ಒಳ್ಳೆಯವನು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಅರ್ಜಿ ಬರೆದವರು ಯಾರೋ ನಿಯಮ ಬಲ್ಲವರೇ ಇರಬೇಕು ಸಾರ್, ಕಲಮಿನ ಸಂಖ್ಯೆ ಸಮೇತ ಹಾಕಿದ್ದಾರೆ, ಅದಕ್ಕೇ ಇಷ್ಟು ಬೇಗ ಬಂದೆವು ಎಂದ. ಆಮೇಲೆ ಪೆನ್ನು ತೆಗೆದು, “ಇದು ಯಾರ ಗಾಡಿ ಅಂತ ನಿಮಗೇನಾದ್ರೂ ಗೊತ್ತಾ ಸಾರ್?” ಎಂದು ಕೇಳಿದ. ನನ್ನ ಮಗಳದ್ದು ಎನ್ನಲು ಎರಡೇ ಮಾತು ಸಾಕಿತ್ತು. ಮಗಳದ್ದು ಎಂದರೆ ಮಗಳೆಲ್ಲಿ ಎಂದು ಕೇಳುತ್ತಾನೆ, ಯಾಕೆ ಹೋದಳು ಎಂದು ಕೇಳುತ್ತಾನೆ. ನಾನು “ಗೊತ್ತಿಲ್ಲಪ್ಪ, ಯಾರದ್ದೋ” ಎಂದೆ. ಪುಟ್ಟಿ, ಕಾರಿನ ಹಿಂದಿನ ಗಾಜಿನ ಮೇಲೆ ನಿನ್ನ ಶಾಲೆಯ ಹೆಸರು ಇನ್ನೂ ಅರ್ಧ ಉಳಿದಿತ್ತು. ಅದು ನಮ್ಮ ಕಿಟಕಿಯಿಂದ ಕಾಣುತ್ತಿತ್ತು. ಅದನ್ನು ನೋಡುತ್ತಲೇ ಸಹಿ ಹಾಕಿದೆ.

ಆಮೇಲೆ ಟೈಲರ್ ಬಂದ, ಮೆಡಿಕಲ್ ಸ್ಟೋರಿನವನು ಬಂದ. ಟೈಲರ್ ಒಮ್ಮೆ ನನ್ನ ಮುಖ ನೋಡಿದ, ಒಮ್ಮೆ ನನ್ನ ಸಹಿ ನೋಡಿದ. ನನಗೂ ಗೊತ್ತಿಲ್ಲ ಎಂದು ಬರೆದುಕೊಟ್ಟ. ಅವನ ಕಾಲು ಮುರಿದದ್ದೇ ಆ ಕಾರಿನಿಂದ. ಮೆಡಿಕಲ್ ಸ್ಟೋರಿನವನ ಹೆಂಡತಿ ಗೇರು ಹಾಕಲು ಕಲಿತದ್ದೇ ಅದರಲ್ಲಿ. ಅವನೂ ಗೊತ್ತಿಲ್ಲ ಎಂದ. ಮೂವರು ಗಂಡಸರು ಹಗಲು ಹನ್ನೊಂದು ಗಂಟೆಗೆ ಒಂದೇ ಮೇಜಿನ ಮುಂದೆ ಕೂತು ಒಂದೇ ಸುಳ್ಳಿಗೆ ಸಹಿ ಹಾಕಿದೆವು. ಇನ್ಸ್‌ಪೆಕ್ಟರ್ ಕಾರಿನ ಗಾಜಿಗೆ ಹಳದಿ ಚೀಟಿ ಅಂಟಿಸಿ, ಇನ್ನು ಏಳು ದಿನ ಎಂದು ಹೇಳಿ ಹೋದ.

ಏಳನೇ ದಿನ ಕ್ರೇನು ಬಂದಾಗ ನಾನು ಒಳಗೇ ಇದ್ದೆ. ಮುಂದಿನ ಚಕ್ರಗಳನ್ನು ಮೇಲೆತ್ತಿದರು. ಅಷ್ಟರಲ್ಲಿ ಬಸ್ಸಿಳಿದು ಚೀಲ ಹೊತ್ತು ಬರುತ್ತಿದ್ದ ನಿನ್ನ ಅಮ್ಮ ತಿರುವಿನಲ್ಲಿ ಕಾಣಿಸಿದಳು. ನಡೆದು ಬರುತ್ತಿದ್ದವಳು ಓಡಿದಳು. ಅವಳು ಓಡಿದ್ದನ್ನು ನಾನು ನೋಡಿ ಎಷ್ಟು ವರ್ಷವಾಯಿತೋ. ಇದು ನನ್ನ ಮಗಳ ಕಾರು ಎಂದು ಎಷ್ಟು ಹೇಳಿದರೂ ಇನ್ಸ್‌ಪೆಕ್ಟರ್, ಈಗ ಏನಿದ್ದರೂ ಯಾರ್ಡಿನಲ್ಲೇ ಅಮ್ಮಾ, ಇಲ್ಲಿ ಯಾರೂ ತಮ್ಮದು ಅನ್ನಲಿಲ್ಲ ಎಂದು ಕಾಗದ ತೋರಿಸಿದ. ಅವಳು ಅದನ್ನು ನಿಂತಲ್ಲೇ ಪೂರ್ತಿ ಓದಿದಳು. ಒಳಗೆ ಬಂದವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಎರಡು ಮಾತು ಎಸೆದು ಗೆದ್ದೆ ಎಂದುಕೊಳ್ಳುತ್ತಿದ್ದೆ. ಚೀಲ ಕೆಳಗಿಟ್ಟು, ಒಂದು ಲೋಟ ನೀರು ಕುಡಿದು ಹೇಳಿದಳು: “ಅವತ್ತು ಸ್ಟಿಯರಿಂಗ್ ಹಿಡಿದಿದ್ದು ನಾನು. ನೀವು ವಾಕಿಂಗ್ ಹೋದ್ಮೇಲೆ ದಿನಾ ಕಲೀತಿದ್ದೆ. ಬ್ರೇಕ್ ಬದಲು ಇನ್ನೊಂದನ್ನ ತುಳಿದೆ. ನಿಮಗೆ ಹೆದರಿ ಟೈಲರ್ ಅಂಗಡಿ ಹಿತ್ತಲಿಂದ ಮನೆಗೆ ಬಂದೆ. ಅಪ್ಪನಿಗೆ ಹೇಳಬೇಡ ಅಂತ ಅವಳ ಕೈ ಹಿಡಿದು ಕೇಳಿಕೊಂಡಿದ್ದೆ.”

ನೆಲ ಬಿರಿದು ನುಂಗಿದರೆ ಸಾಕು ಎನ್ನಿಸಿತು. ನನ್ನ ಮನೆಯಲ್ಲಿ ನನ್ನ ಹೆಂಡತಿ ನನಗೆ ಹೆದರಿ ಹಿತ್ತಲಿಂದ ಬಂದಿದ್ದಾಳೆ. ನನ್ನ ಮಗಳು ಅವಳನ್ನು ಕಾಪಾಡಲು ಹೋಗಿ ಮನೆಯನ್ನೇ ಕಳೆದುಕೊಂಡಿದ್ದಾಳೆ. ನಾನು ಮಾತ್ರ ಮೂರು ಹೊತ್ತೂ ಊಟ ಮಾಡಿಕೊಂಡು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂತಿದ್ದೆ. ನಿನಗೆ ಫೋನ್ ಮಾಡು ಎಂದು ಅವಳಿಗೆ ಹೇಳಿದೆ. ಕಾರು ಹೋದದ್ದನ್ನ ನಾನು ಹೇಳಲ್ಲ, ಸಹಿ ಹಾಕಿದವರೇ ಬರೆಯಲಿ ಎಂದಳು. ಮೊನ್ನೆ ಭಾನುವಾರ ನೀನು ಫೋನ್ ಮಾಡಿದಾಗ ಅವಳು ಬರೀ ಚಿಕ್ಕಮ್ಮನ ಕಣ್ಣಿನ ವಿಷಯ ಮಾತಾಡಿದ್ದು ಅದಕ್ಕೇ.

ಶನಿವಾರ ಬೆಳಿಗ್ಗೆ ಟೈಲರ್ ಹತ್ತಿರ ಹೋದೆ. ನೀನೇಕಪ್ಪ ಸುಳ್ಳು ಬರೆದೆ ಎಂದು ಕೇಳಿದೆ, ಎಂಥ ಮುಖ ಹೊತ್ತು ಕೇಳಿದೆನೋ. ಅವನು ಹೊಲಿಗೆ ನಿಲ್ಲಿಸದೆ, “ನೀವು ಗೊತ್ತಿಲ್ಲ ಅಂತ ಬರೆದ ಕೆಳಗೆ ನಾನು ಗೊತ್ತು ಅಂತ ಬರೆದಿದ್ರೆ ನೀವು ಸುಳ್ಳುಗಾರ ಆಗ್ತಿದ್ರಿ ಸಾರ್” ಎಂದ. ಓಡಿಸಿದ್ದು ಅಮ್ಮ ಎಂಬುದೂ ಅವನಿಗೆ ಮೊದಲ ದಿನದಿಂದ ಗೊತ್ತಿತ್ತು. ಇಡೀ ಬೀದಿಗೇ ಗೊತ್ತಿತ್ತಂತೆ. ನನ್ನ ಮರ್ಯಾದೆಯನ್ನು ಇಷ್ಟು ದಿನ ಅವರೆಲ್ಲ ಸೇರಿ ಹೊತ್ತುಕೊಂಡು ತಿರುಗಿದ್ದಾರೆ. ಎಲ್ಲರಿಗಿಂತ ಹೆಚ್ಚು ಹೊತ್ತವಳು ನೀನು.

ಸೋಮವಾರ ಯಾರ್ಡಿಗೆ ಹೋದೆ. ತಂತಿಬೇಲಿಯ ಒಳಗೆ ಸಾಲಾಗಿ ಗಾಡಿಗಳು, ಎಲ್ಲದರ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ನಿನ್ನದು ಎಪ್ಪತ್ತೆರಡು. ಎಡಗಡೆಯ ಕನ್ನಡಿ ಎಳೆಯುವಾಗ ಮುರಿದಿದೆ, ಬೇರೇನೂ ಆಗಿಲ್ಲ. ಅಲ್ಲಿ ಕೌಂಟರಿನಲ್ಲಿ ಕೂತಿರುವವನು ನನ್ನ ಕೈಕೆಳಗೇ ಕೆಲಸ ಕಲಿತವನು. ನನ್ನನ್ನು ಕಂಡವನೇ ಎದ್ದು ಕುರ್ಚಿ ಕೊಟ್ಟ. ನಾನು ಕೂರಲಿಲ್ಲ. ನಿಂತುಕೊಂಡೇ, ಹಿಂದೆ ನಾನು ಕೊಟ್ಟ ಹೇಳಿಕೆ ಸುಳ್ಳು, ವಾಹನ ನನ್ನ ಮಗಳದ್ದು, ಅದು ಗೊತ್ತಿದ್ದೇ ಸಹಿ ಹಾಕಿದ್ದೆ ಎಂದು ಬರೆದುಕೊಟ್ಟೆ. ಅವನು ಅದನ್ನು ಓದಿ ಫೈಲಿಗೆ ಸೇರಿಸಿದ. ಗಾಡಿಯನ್ನು ನಾನೇ ಬಿಡಿಸಿಕೊಂಡು ಹೋಗಬಹುದೇ ಎಂದು ಕೇಳಿದ್ದಕ್ಕೆ, “ಯಜಮಾನರೇ ಖುದ್ದಾಗಿ ಬರಬೇಕು ಸಾರ್. ಈ ನಿಯಮ ನಮಗೆ ಕಲಿಸಿದ್ದು ನೀವೇ” ಎಂದ. ಎಳೆದು ತಂದ ದಿನದಿಂದ ಇಪ್ಪತ್ತೊಂದು ದಿನ ಕಾಯುತ್ತಾರೆ. ಜೂನ್ 28, ಶುಕ್ರವಾರ, ಸಂಜೆ ನಾಲ್ಕು ಗಂಟೆ ಕೊನೆ. ಆಮೇಲೆ ಹರಾಜು. ಕಾರಿನ ಕಾಗದಪತ್ರ, ನಿನ್ನ ಲೈಸೆನ್ಸ್ ಎರಡನ್ನೂ ತರಬೇಕು. ದಂಡ ನಾನು ಕಟ್ಟುತ್ತೇನೆ, ಅದರ ಮಾತು ಬೇಡ.

ಬಾ ಎನ್ನುವ ಹಕ್ಕು ನನಗೆ ಇದೆಯೋ ಇಲ್ಲವೋ ಗೊತ್ತಿಲ್ಲ. ಅವತ್ತು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ. ನನ್ನದು ತಪ್ಪು ಪುಟ್ಟಿ. ಅಮ್ಮ ನಿನ್ನ ಕೋಣೆಯನ್ನು ಗುಡಿಸಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದ್ದಾಳೆ. ಬಸ್ಸಿನ ಮೇಸ್ತ್ರಿಗೆ ಹೇಳಿ ಎರಡು ದಿನ ರಜೆ ಕೇಳು. ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೂ ನಮ್ಮ ನೆನಪು ತಿಳಿಸು. ಭುಜ ಜೋಪಾನ.

ನಿನಗೆ ಒಳ್ಳೆಯದಾಗಲಿ ಎಂದು ದಿನವೂ ಬಯಸುವ,
ನಿನ್ನ ಅಪ್ಪ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಆ ಸಹಿಯಿಲ್ಲದ ಅರ್ಜಿ ಬರೆದವನು ನಾನೇ. ಕಾರಿನ ಮೇಲಿನ ಸಿಟ್ಟಿಗಲ್ಲ. ಗಾಡಿ ಬೀದಿಯಲ್ಲಿ ಇರುವ ತನಕ ಮೆಟ್ಟಿಲು ಹತ್ತಬೇಡ ಎಂದಿದ್ದೆನಲ್ಲ, ಗಾಡಿ ಹೋದರೆ ನೀನು ಬರಬಹುದು, ನಾನೂ ಮಾತು ತಪ್ಪಿದ ಹಾಗಾಗುವುದಿಲ್ಲ ಎಂದುಕೊಂಡೆ. ಬಾ ಎಂದು ನಿನಗೆ ಒಂದು ಸಾಲು ಬರೆಯಲಾರದೆ ಕಚೇರಿಗೆ ಎರಡು ಪುಟ ಬರೆದೆ. ಅಮ್ಮ ತನ್ನದನ್ನು ನನಗೆ ಹೇಳಿಬಿಟ್ಟಳು, ನಾನು ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ದಿನಾ ಬಾಯಿ ತೆರೆಯುತ್ತೇನೆ, ಆಗುತ್ತಿಲ್ಲ. ನೀನು ಬಂದು ಪಕ್ಕದಲ್ಲಿ ಕೂತರೆ ಹೇಳುತ್ತೇನೆ.