ಐದನೆಯ ಕುರ್ಚಿಗೆ ಮೊದಲು ಚೆಲ್ಲಿದ ನೀರು

ಬೇಗೆ ತಿಂಗಳು ೯, ೨೧೯೪

ಪ್ರೀತಿಯ ಕ್ವಿಟೇರಿಯಾ ಅಜ್ಜಿಗೆ,

ಅಂಥ ತಿಂಗಳು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಬಲ್ಲೆ. ಬಿಸಿಲು ವಿಪರೀತವಾದ ಮೇಲೆ ನಮ್ಮವರು ಉಳಿದ ತಿಂಗಳುಗಳಿಂದ ಎರಡೆರಡು ದಿನ ಕಿತ್ತು, ಮೇ ಆದಮೇಲೆ ಇದನ್ನು ಸೇರಿಸಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಎಮರೆನ್ಸಿಯಾ, ನಿಮ್ಮ ಮೊಮ್ಮಗಳ ಮರಿಮಗಳು. ನನಗೀಗ ಎಪ್ಪತ್ತೊಂದು, ಇದನ್ನು ಓದುವಾಗ ನಿಮಗೆ ಮೂವತ್ತನಾಲ್ಕು. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಬೇರೆ ಬಾಯಿಗೆ ಬರುವುದಿಲ್ಲ.

ಇದು ಹಿನ್ನೋಲೆ, ಎಂದರೆ ಹಿಂದಿನ ಕಾಲಕ್ಕೆ ಕಳಿಸುವ ಕಾಗದ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ಹೆಚ್ಚಿನವರು ಸತ್ತುಹೋದ ತಾಯಿಗೆ ಬರೆಯುತ್ತಾರೆ. ನನಗೂ ಅಮ್ಮನಿಗೆ ಬರೆಯುವ ಆಸೆಯಿತ್ತು, ನಿಮಗೆ ಬರೆಯುತ್ತಿದ್ದೇನೆ. ಕಾಗದ ಸೇರುವ ವರ್ಷ ತಪ್ಪುವುದಿಲ್ಲ, ದಿನ ಮಾತ್ರ ನಾಲ್ಕಾರು ಹಿಂದುಮುಂದಾಗಬಹುದು.

ನಿಮ್ಮ ಇಗರ್ಜಿ, ಆ ಹಳೆಯ ಚರ್ಚು, ಇನ್ನೂ ನಿಂತಿದೆ. ಬೀಗದ ಕೈ ನನ್ನ ಬಳಿಯಿದೆ. ಮಾಡಿನ ಮೇಲೆ ಹನಿಬಲೆ ಕಟ್ಟಿದ್ದೇವೆ, ಗಾಳಿಯ ತೇವ ಹಿಡಿಯುವ ಬಲೆ ಅದು. ದಿನಕ್ಕೆ ಎರಡು ಕೊಡ ನೀರು ಸಿಕ್ಕರೆ ಪುಣ್ಯ. ಪೂಜೆಗೆ ಬರುವವರು ಐದು ಜನ. ಈಸ್ಟರಿಗೆ ಮೊದಲಿನ ಪವಿತ್ರ ಗುರುವಾರ ಹನ್ನೆರಡು ಜನರನ್ನು ಕೂರಿಸಿ ಪಾದ ತೊಳೆಯುವ ವಿಧಿಗೆ ಹನ್ನೆರಡು ಕುರ್ಚಿ ಹಾಕುವುದನ್ನು ಗುರುಗಳು ಬಿಟ್ಟುಬಿಟ್ಟಿದ್ದಾರೆ. ಕಣಿವೆಯ ಆಚೆ ಸಿದ್ದಿಗಳ ಇಗರ್ಜಿಯಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ. ಅವರ ಹಾಡು ಇಲ್ಲಿಗೆ ಕೇಳುತ್ತದೆ.

ಆ ಇಗರ್ಜಿ ಹುಟ್ಟಿದ್ದು ಈ ಕಾಗದ ನಿಮಗೆ ಸೇರುವ ವರ್ಷದ ಪವಿತ್ರ ಗುರುವಾರದಿಂದ. ಸಾಯುವ ಮೊದಲು ನೀವೇ ಮೊಮ್ಮಗಳಿಗೆ ಹೇಳಿದಿರಂತೆ. ಮೈಬಣ್ಣ ನೋಡಿ ಭೇದ ಮಾಡಬಾರದೆಂಬ ಬಿಷಪ್ಪರ ಪತ್ರವನ್ನು ಆ ವರ್ಷ ಎಲ್ಲ ಇಗರ್ಜಿಗಳಲ್ಲಿ ಓದಿದರು. ನಮ್ಮಲ್ಲಿ ಚಪ್ಪಾಳೆ ತಟ್ಟಿದರು, ಬಾಗಿಲಿಗೆ ಬ್ಯಾನರ್ ಕಟ್ಟಿದರು. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತಾನವೆಂದು, ಅದೆಷ್ಟೋ ತಲೆಮಾರಿನ ಮೇಲೂ ಸಿದ್ದಿಗಳನ್ನು ಹಿಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದ ಊರು ಅದು. ಫಾದರ್ ಇನಾಸ್ ಮೊದಲ ಬಾರಿಗೆ ಅವರಲ್ಲೊಬ್ಬರನ್ನು ಹನ್ನೆರಡು ಜನರಲ್ಲಿ ಕೂರಿಸಿದರು: ನಾಲ್ಕನೆಯ ಕುರ್ಚಿಯಲ್ಲಿ ನತಾಲಿನ್ ಸಿದ್ದಿ. ಐದನೆಯದರಲ್ಲಿ ನಿಮ್ಮ ಅತ್ತೆ. ಬೋಗುಣಿ ಹಿಡಿದವರು ನೀವು.

ಮೊದಲ ಮೂವರಿಗೆ ಬಳಸಿದ ಅದೇ ನೀರಿನಲ್ಲಿ ನತಾಲಿನರ ಪಾದ ತೊಳೆದು, ಒರೆಸಿ, ಫಾದರ್ ಮುತ್ತಿಟ್ಟರು. ನಿಮ್ಮ ಅತ್ತೆ ಸೀರೆಯ ನಿರಿಗೆಯೊಳಗೆ ಕಾಲು ಹಿಂದಕ್ಕೆಳೆದುಕೊಂಡು ನಿಮ್ಮ ಮುಖ ನೋಡಿದರು. ನೀವು ಬೋಗುಣಿಯನ್ನು ಹೊರಗೆ ಒಯ್ದು ದಾಸವಾಳದ ಬುಡಕ್ಕೆ ಚೆಲ್ಲಿ, ಹೊಸ ನೀರು ತಂದಿರಿ. ಇಡೀ ಇಗರ್ಜಿ ನೋಡಿತು. ಪೂಜೆ ಮುಗಿದ ಮೇಲೆ ನತಾಲಿನ್ ಮೆಟ್ಟಿಲ ಬಳಿ ಕಾದು ನಿಂತಿದ್ದರು.

“ನೀರ್ ಯಾಕ್ ಚೆಲ್ಲಿದ್ರಿ ಬಾಯೀ? ಸ್ವಚ್ಛನೇ ಇತ್ತಲ್ಲ?”

“ಹಾಂಗೇನಿಲ್ಲ, ತಣ್ಣಗಾಗಿತ್ತು ಅಷ್ಟೇ,” ಎಂದಿರಿ ನೀವು.

ಈಸ್ಟರಿಗೆ ಸಿದ್ದಿಗಳ ಹತ್ತೊಂಬತ್ತು ಮನೆಯವರು ಬರಲಿಲ್ಲ. ಫಾದರ್ ಮೂರು ಸಲ ಅವರ ಕೇರಿಗೆ ಹೋಗಿ ಕೈಮುಗಿದರೂ ಮರಳಲಿಲ್ಲ, ಕಣಿವೆಯ ಆಚೆ ತಮ್ಮದೇ ಇಗರ್ಜಿ ಕಟ್ಟಿಕೊಂಡರು. ಬ್ಯಾನರ್ ಮಳೆಗಾಲದವರೆಗೂ ಇತ್ತಂತೆ. ನೀವು ಮಾತ್ರ ಆ ಕೇರಿಗೆ ಹೋಗಲಿಲ್ಲ. ನಲವತ್ತು ವರ್ಷ ಸಂತೆಯಲ್ಲಿ ನತಾಲಿನ್ ಎದುರಾದಾಗಲೆಲ್ಲ ತರಕಾರಿ ನೋಡುತ್ತ ನಿಂತಿರಿ.

ನನಗೆ ನಿಮ್ಮ ಮೇಲೆ ಸಿಟ್ಟಿದೆ ಅಜ್ಜಿ. ಅತ್ತೆಯ ಆ ನೋಟಕ್ಕೆ ನಾನೂ ಹೆದರುತ್ತಿದ್ದೆನೇನೋ ಎಂದುಕೊಂಡಾಗ ಸಿಟ್ಟು ಇಳಿದು ನಾಚಿಕೆಯಾಗುತ್ತದೆ. ಕಳೆದ ವರ್ಷ ನಾನೇ ಕಣಿವೆ ದಾಟಿ, ನತಾಲಿನರ ವಂಶದ ಸಿಮಾಂವ್ ಸಿದ್ದಿಯವರಲ್ಲಿ ಕ್ಷಮೆ ಕೇಳಿದೆ. ಒಳಗೆ ಕರೆದು ಚಹಾ ಕೊಟ್ಟರು, ಮೊಣಕಾಲು ನೋವು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಮೆತ್ತಗೆ ಹೇಳಿದರು: “ನೀವ್ ಯಾಕ್ ಕ್ಷಮಾ ಕೇಳ್ತೀರಿ ಬಾಯೀ? ಚೆಲ್ಲಿದವ್ರು ಬರಬೇಕಿತ್ತು, ಕೇಳಿಸ್ಕೊಳ್ಳೋರು ಇದ್ದಾಗ.” ದಾರಿಯುದ್ದಕ್ಕೂ ಅಳುತ್ತ ಬಂದೆ.

ಕಾಗದ ಗುರುವಾರಕ್ಕೆ ಮೊದಲೇ ಕೈಸೇರಿದರೆ, ನಿಮ್ಮ ಅತ್ತೆಯ ಮುಖ ನೋಡಬೇಡಿ. ಬೋಗುಣಿಯನ್ನು ಹಾಗೆಯೇ ಮುಂದೆ ಸರಿಸಿ. ಅವರು ಎದ್ದು ಹೋದರೆ ಹೋಗಲಿ. ಗುರುವಾರ ಕಳೆದ ಮೇಲೆ ಸೇರಿದರೆ, ಫಾದರನ್ನು ಕಳಿಸಬೇಡಿ, ಯಾರನ್ನೂ ಜೊತೆಗೆ ಕರೆದುಕೊಳ್ಳಬೇಡಿ. ನೀರು ತಣ್ಣಗಾಗಿರಲಿಲ್ಲವೆಂದು ನೀವೇ ಹೋಗಿ ಹೇಳಿ. ಅವರು ಬಾಗಿಲು ಹಾಕಿಕೊಳ್ಳಬಹುದು. ಆದರೂ ಇವತ್ತೇ ಹೋಗಿ, ಅಜ್ಜಿ. ನತಾಲಿನ್ ಇನ್ನೂ ಬದುಕಿದ್ದಾರೆ.

ನಿಮ್ಮ,
ಎಮರೆನ್ಸಿಯಾ