ಅರವತ್ತಮೂರು ಹೋರಿಗಳು, ಒಬ್ಬನ ಹೆಸರು

ಮಾನ್ಯ ಜಿಲ್ಲಾ ಪಶುಪಾಲನಾ ಅಧಿಕಾರಿಗಳೇ,

ನೀವು ನನ್ನನ್ನು ಸಾಹುಕಾರನನ್ನಾಗಿ ಮಾಡಿದ್ದೀರಿ. ದಯವಿಟ್ಟು ಆ ಪದವಿಯನ್ನು ವಾಪಸು ತೆಗೆದುಕೊಳ್ಳಿ.

ಕಳೆದ ಶರತ್ಕಾಲದಲ್ಲಿ ಸರ್ಕಾರ ಕಜಕ್ ಗಡಿಯಾಚೆಗೆ ದನ ಸಾಗಿಸುವುದನ್ನು ನಿಲ್ಲಿಸಿತು. ಕೊಳ್ಳುವವರು ಬರಲಿಲ್ಲ, ಮಾಂಸದ ಬೆಲೆ ಅರ್ಧಕ್ಕೆ ಬಿತ್ತು. ಆಮೇಲೆ ನಿಮ್ಮ ಕಚೇರಿಗೆ ಕರುಣೆ ಉಕ್ಕಿ, ಚಳಿಗಾಲದ ಮೇವಿನ ನೆರವು ಘೋಷಿಸಿದಿರಿ: ಐವತ್ತಕ್ಕಿಂತ ಹೆಚ್ಚು ಹೋರಿಗಳಿರುವ ಒಡೆಯರಿಗೆ ಮಾತ್ರ. ನಮ್ಮೂರಿನ ಹದಿನಾಲ್ಕು ಮನೆಗಳಿಗೂ ಸೇರಿ ಇರುವುದು ಅರವತ್ತಮೂರು ಹೋರಿ. ಹಿಂಡು ಒಂದೇ, ದಿನಕ್ಕೊಂದು ಮನೆಯಂತೆ ಸರದಿಯಲ್ಲಿ ಕಾಯುತ್ತಿದ್ದೆವು. ನಾಲ್ಕು ಹೋರಿಯವನಿಗಿಂತ ನಾನೂರು ಹೋರಿಯವನೇ ಹೆಚ್ಚು ಕಷ್ಟದಲ್ಲಿದ್ದಾನೆಂದು ನಿಮಗೆ ಹೇಳಿದವರು ಯಾರು? ಆ ನಾನೂರರವನೇ ಅಲ್ಲವೇ?

"ಎಲ್ಲಾ ಒಬ್ರ ಹೆಸರಿಗೆ ಬರೆಸ್ಕೊಳ್ರಪ್ಪಾ, ಯಾರು ಕೇಳ್ತಾರೆ?" ಎಂದರು ನಿಮ್ಮ ಗುಮಾಸ್ತರು. ಎಲ್ಲವೂ ಎಲ್ಲರದೂ ಎನ್ನುವ ಕರಪತ್ರಗಳನ್ನು ಊರಿಗೆ ಓದಿ ಹೇಳುವವನು, ಅರ್ಜಿ ತುಂಬಬಲ್ಲವನು ನಾನೇ ಎಂದು ಊರು ನನ್ನ ಹೆಸರು ಹೇಳಿತು. ಸಾಮೂಹಿಕ ಒಡೆತನ ಎಂದರೆ ಇದೇ ಎಂದುಕೊಂಡು ಹೆಮ್ಮೆಯಿಂದ ಸಹಿ ಹಾಕಿದೆ. ಮೇವು ಬಂತು. ಹಿಂದೆಯೇ ಷರತ್ತು ಬಂತು: ಎರಡು ವರ್ಷ ಹೆಸರು ಬದಲಿಸುವಂತಿಲ್ಲ, ಒಡೆಯನ ಸಹಿಯಿಲ್ಲದೆ ಒಂದನ್ನೂ ಕೊಯ್ಯುವಂತಿಲ್ಲ.

ಮೊದಲು ತಮಾಷೆಯಾಗಿತ್ತು. ಪಕ್ಕದ ಮನೆಯ ಒರಾಜಣ್ಣ ತನ್ನ ಸರದಿಯ ದಿನ ಕುದುರೆ ಹತ್ತದೆ, ಬಾಗಿಲಲ್ಲೇ ಚಹಾ ಹೀರುತ್ತಾ ಕೇಳಿದ: "ಏನ್ ಸಾಹುಕಾರ್ರೇ, ಕೂಲಿ ಎಷ್ಟು ಕೊಡ್ತೀರಿ?"

"ಅಣ್ಣಾ, ನಿನ್ನ ಐದೂ ಅದ್ರಲ್ಲೇ ಇದಾವಲ್ಲ!"

"ನಂದಾ? ಅವುಗಳ ಕಿವೀಗೆ ಹೊಡೆದಿರೋ ಸರ್ಕಾರಿ ಓಲೆ ನಂಬರ್ ಕಂಪ್ಯೂಟರ್‌ಗೆ ಹಾಕಿ ನೋಡು, ಯಾರ ಹೆಸ್ರು ಬರುತ್ತೆ ಅಂತ."

ಮರುವಾರ ಇನ್ನೊಂದು ಮನೆ ಬರಲಿಲ್ಲ. ಈಗ ಸರದಿಯೇ ಇಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಬಯಲಿನಲ್ಲಿ ನಾನೊಬ್ಬನೇ. ಕರಪತ್ರಗಳನ್ನು ಹೋರಿಗಳಿಗೇ ಓದಿ ಹೇಳುತ್ತೇನೆ. ಇದುವರೆಗೆ ವಿರೋಧ ಬಂದಿಲ್ಲ.

ಕಳೆದ ತಿಂಗಳು ಬಲ್ಜಿಯಾ ಅಜ್ಜಿ ಬಂದರು. ಗಂಡ ತೀರಿಕೊಂಡು ವರ್ಷವಾದ ದಿನದ ಊಟಕ್ಕೆ ತಮ್ಮದೇ ಹೋರಿ ಕೊಯ್ಯಲು ನನ್ನ ಸಹಿ ಬೇಕಿತ್ತು. ನನ್ನನ್ನು ಎತ್ತಿ ಆಡಿಸಿದವರು, ಚಪ್ಪಲಿ ಬಿಡುವ ಜಾಗ ದಾಟಲಿಲ್ಲ. "ಒಳಗೆ ಬಾ ಅಜ್ಜಿ" ಎಂದೆ. "ಬೇಡಪ್ಪಾ, ಸಹಿ ಹಾಕ್ಬಿಡು, ಹೋಗ್ತೀನಿ" ಎಂದರು.

ಊಟದ ದಿನ ನನ್ನನ್ನು ಸಾಲಿನ ತುದಿಯಲ್ಲಿ, ಹಿರಿಯರ ಜಾಗದಲ್ಲಿ, ಎಲ್ಲರಿಗಿಂತ ಮೇಲೆ ಕೂರಿಸಿದರು. ಪಂಕ್ತಿಯ ಹಿರಿಯನಿಗೆ ಸಲ್ಲುವ, ಬೇಯಿಸಿದ ಕುರಿಯ ತಲೆಯ ತಟ್ಟೆಯನ್ನು ನನ್ನ ಮುಂದಿಟ್ಟರು. ತಂದೆ ಬದುಕಿರುವವನು ಆ ತಲೆಗೆ ಚಾಕು ಇಡಬಾರದೆಂದು ಕಜಕರಾದ ನಿಮಗೆ ಹೇಳಬೇಕಿಲ್ಲ. ನನ್ನ ಅಪ್ಪ ನನಗಿಂತ ಮೂರು ಜನ ಕೆಳಗೆ ಕೂತಿದ್ದರು. "ಕುಯ್ಯಪ್ಪಾ, ಒಡೆಯ ಅಲ್ವಾ" ಎಂದ ಒರಾಜಣ್ಣ. ಯಾರೂ ನಗಲಿಲ್ಲ. ತಟ್ಟೆಯನ್ನು ಅಪ್ಪನತ್ತ ತಳ್ಳಿದೆ. ಅವರೂ ಮುಟ್ಟಲಿಲ್ಲ. ಅದು ಅಲ್ಲೇ ತಣ್ಣಗಾಯಿತು.

ನನ್ನ ಬೇಡಿಕೆ ಇಷ್ಟೇ. ಹದಿನಾಲ್ಕು ಹೆಸರುಗಳನ್ನು ಲಗತ್ತಿಸಿದ್ದೇನೆ; ಹೋರಿಗಳನ್ನು ಅವರವರ ಹೆಸರಿಗೆ ಮರಳಿ ಬರೆಯಿರಿ. ನೆರವನ್ನು ಹಿಂಡು ನೋಡಿ ಕೊಡಿ, ಒಡೆಯನನ್ನು ನೋಡಿ ಅಲ್ಲ. ಅದು ಕಷ್ಟವೆಂದಾದರೆ ನೀವೇ ಬಂದು ಒಂದು ದಿನ ದನ ಕಾಯಿರಿ. ಯಾವ ದಿನವಾದರೂ ಆದೀತು, ಎಲ್ಲ ದಿನಗಳೂ ಖಾಲಿಯಿವೆ.

ಇಂತಿ,
ಊರಲ್ಲಿ ಮಾತಿಗೆ ಯಾರೂ ಸಿಗದೆ ನಿಮಗೆ ಬರೆದ
ಯೆರ್ಕೆಬುಲಾನ್